ಫಾರ್ಮ್ಯಾಟ್ ಹೊಡೆಯುವ ಮೊದಲು



ಜೂನ್ ಬಂತೆಂದರೆ ನಮ್ಮ ಯಾದಗಿರಿ ಜಿಲ್ಲೆಯ ಕೊಂಕಲ್ ಸೀಮೆಯಲ್ಲಿ ಎರಡು ಕಡೆ ಜನ ಸಾಲುಗಟ್ಟುತ್ತಾರೆ. ಒಂದು ಬೀಜ-ಗೊಬ್ಬರದ ಅಂಗಡಿ, ಇನ್ನೊಂದು ಕಂಪ್ಯೂಟರ್ ಇರುವ ಕೋಣೆ. ಪಹಣಿ ಬೇಕು, ಜಾತಿ-ಆದಾಯ ಪ್ರಮಾಣಪತ್ರ ಬೇಕು, ಮಗಳನ್ನು ಕಾಲೇಜಿಗೆ ಸೇರಿಸಲು ಕಲ್ಯಾಣ ಕರ್ನಾಟಕದ ಮೀಸಲಾತಿಯ 371 ಜೆ ಪ್ರಮಾಣಪತ್ರ ಬೇಕು, ಬೆಳೆ ವಿಮೆಗೆ ಅರ್ಜಿ ಹಾಕಬೇಕು. ಅಂಥ ದಿನವೇ ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೇ ಉಳಿಯುತ್ತದೆ. ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರದ ಎರಡು ಸಾಲು, ಅದರ ಕೆಳಗೆ ಮಿಣುಕುವ ಒಂದು ಗೆರೆ. ಅಷ್ಟೇ.

ಇಂಥ ಹೊತ್ತಿನಲ್ಲಿ ನನಗೆ ಫೋನ್ ಬರುತ್ತದೆ. "ಸರ, ಕಂಪ್ಯೂಟರ್ ಚಾಲೂ ಆಗವಲ್ದು ನೋಡ್ರಿ. ನಿನ್ನಿ ಸಂಜಿಗೆ ಹೊಸದು ಬಂದದ, ಹಾಕ್ಲೇನು ಅಂತ ಕೇಳ್ತು. ಹೂಂ ಅಂತ ಒತ್ತಿ ಮನಿಗಿ ಹೋದ್ವಿ. ಮುಂಜಾನಿ ಬಂದು ನೋಡಿದ್ರ ಹಿಂಗಾಗ್ಯದ." ಮಾತು ಅಲ್ಲಿಗೆ ಮುಗಿಯುವುದಿಲ್ಲ. "ಅಂಗಡಿಯವ್ರು ಫಾರ್ಮ್ಯಾಟ್ ಹೊಡಿಬೇಕು ಅನ್ಲಿಕತ್ತಾರ. ಹೊಡಸ್ಲೇನ್ರಿ?"

ಬೇಡ. ಇವತ್ತಿನ ಮಾತಿನಲ್ಲಿ ನಾನು ಹೇಳಬೇಕೆಂದು ಬಂದಿರುವುದು ಇದೊಂದೇ. ಅಪ್‌ಗ್ರೇಡ್ ಆದ ಮಾರನೆಯ ದಿನ ಕಂಪ್ಯೂಟರ್ ಹೀಗೆ ನಿಂತಿದ್ದರೆ ಹೆಚ್ಚಿನ ಸಲ ಕೆಟ್ಟಿರುವುದು ಬೂಟ್‌ಲೋಡರ್ ಎಂಬ ಒಂದು ಸಣ್ಣ ತಂತ್ರಾಂಶ ಮಾತ್ರ. ಮಕ್ಕಳ ಅಂಕಪಟ್ಟಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪತ್ರಗಳು, ಸ್ಕ್ಯಾನ್ ಮಾಡಿದ ದಾಖಲೆಗಳು, ಫೋಟೋಗಳು ಡಿಸ್ಕಿನೊಳಗೆ ಇದ್ದಲ್ಲೇ ಇರುತ್ತವೆ. ಸೇದುವ ಹಗ್ಗ ಹರಿದಿದೆ, ಬಾವಿಯಲ್ಲಿ ನೀರು ಹಾಗೇ ಇದೆ. ಫಾರ್ಮ್ಯಾಟ್ ಹೊಡೆಸಿದರೆ ಆ ನೀರನ್ನು ನಾವೇ ಕೈಯಾರೆ ಚೆಲ್ಲಿದಂತೆ.

ಗುಂಡಿ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದು ಬಯೋಸ್, ಹೊಸವುಗಳಲ್ಲಿ ಯುಇಎಫ್‌ಐ. ಅದಕ್ಕೆ ವಿಂಡೋಸ್ ಎಂದರೇನು, ಲಿನಕ್ಸ್ ಬಳಗದ ಉಬುಂಟು ಎಂದರೇನು ಎಂಬುದು ತಿಳಿಯದು. ಡಿಸ್ಕಿನ ಒಂದು ಗೊತ್ತಾದ ಜಾಗಕ್ಕೆ ಹೋಗಿ ಅಲ್ಲಿರುವ ಬೂಟ್‌ಲೋಡರನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಆಪರೇಟಿಂಗ್ ಸಿಸ್ಟಮ್ ಎಲ್ಲಿದೆ ಎಂದು ಹುಡುಕಿ, ಅದನ್ನು ಮೆಮೊರಿಗೆ ತಂದು, ಮುಂದಿನ ಆಡಳಿತವನ್ನು ಅದಕ್ಕೆ ಒಪ್ಪಿಸಿ ಬೂಟ್‌ಲೋಡರ್ ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡಿನ ಕೆಲಸ.

ಹಳೆಯ ಬಯೋಸ್ ಪದ್ಧತಿಯಲ್ಲಿ ಆ ಗೊತ್ತಾದ ಜಾಗ ಎಷ್ಟು ದೊಡ್ಡದು ಅಂತೀರಿ? ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, 512 ಬೈಟ್. 1983ರಲ್ಲಿ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದಾಗ ಮಾಡಿದ ಏರ್ಪಾಡು ಅದು. ಅದರಲ್ಲೂ 64 ಬೈಟು ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಟ್ಟಿಗೆ, ಕೊನೆಯ 2 ಬೈಟು ಗುರುತಿನ ಮುದ್ರೆಗೆ ಹೋಗಿ, ಬೂಟ್‌ಲೋಡರಿಗೆ ಉಳಿಯುವುದು 446 ಬೈಟು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಹಿಡಿಯುತ್ತದೆ. ಎಂದರೆ 148 ಸಂಕೇತಗಳಷ್ಟು ಜಾಗ. ನಾನು ಈಗ ಹೇಳಿದ ಮೂರು ವಾಕ್ಯ ಬರೆಯಲಿಕ್ಕೂ ಅದು ಸಾಲದು. ಆದ್ದರಿಂದಲೇ ಬೂಟ್‌ಲೋಡರನ್ನು ತುಂಡು ಮಾಡಿ ಇಡುತ್ತಾರೆ. ಮೊದಲ ಚೂರು ಆ 446 ಬೈಟಿನಲ್ಲಿ, ಎರಡನೆಯದು ಅದರ ನಂತರದ ಖಾಲಿ ಜಾಗದಲ್ಲಿ, ಉಳಿದ ದೊಡ್ಡ ಭಾಗ ಲಿನಕ್ಸಿನ ಬೂಟ್ ಎಂಬ ಫೋಲ್ಡರಿನಲ್ಲಿ. ಒಂದು ಇನ್ನೊಂದನ್ನು ಕರೆಯುತ್ತದೆ.

ಲಿನಕ್ಸ್ ಯಂತ್ರಗಳಲ್ಲಿ ಈ ಕೆಲಸ ಮಾಡುವ ತಂತ್ರಾಂಶದ ಹೆಸರು ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಅದನ್ನು ಬರೆಯಲು ಶುರು ಮಾಡಿದರು. 1999ರಲ್ಲಿ ಅದು ಗ್ನೂ ಯೋಜನೆಗೆ ಸೇರಿತು. ಈಗಿನ ಗ್ರಬ್ 2 ಉಬುಂಟುವಿನಲ್ಲಿ ರೂಢಿಗೆ ಬಂದದ್ದು 2009ರ ಅಕ್ಟೋಬರಿನ 9.10 ಆವೃತ್ತಿಯಿಂದ.

ನಮ್ಮ ಸರ್ಕಾರಿ ಶಾಲೆಗಳಿಗೆ ಉಬುಂಟು ಎಂಬ ಹೆಸರು ಹೊಸದಲ್ಲ. 2011ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿದಾಗ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಲು ಕಲಿತರು. ಆಮೇಲೆ ಬಂದ ಟಾಲ್ಪ್ ಎಂಬ ಶಿಕ್ಷಕರ ತಂತ್ರಜ್ಞಾನ ತರಬೇತಿಯಲ್ಲೂ ಉಬುಂಟು ಇತ್ತು. ಗಣಿತದ ಮೇಷ್ಟ್ರು ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದು ತೋರಿಸಿದ್ದು, ಮಕ್ಕಳು ಟಕ್ಸ್ ಪೇಂಟಿನಲ್ಲಿ ಎತ್ತು-ಬಂಡಿ ಬಿಡಿಸಿದ್ದು ಅದರ ಮೇಲೆಯೇ. ಎಷ್ಟೋ ಕಡೆ ಅದೇ ಯಂತ್ರದಲ್ಲಿ ವಿಂಡೋಸೂ ಇರುತ್ತದೆ. ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ. ಬೂಟ್‌ಲೋಡರಿನ ತಂಟೆ ಹೆಚ್ಚಾಗಿ ಏಳುವುದು ಇಂಥಲ್ಲೇ.

ಅಪ್‌ಗ್ರೇಡಿಗೂ ಇದಕ್ಕೂ ಏನು ಸಂಬಂಧ? 2020ರ ಜುಲೈ ಕೊನೆಯಲ್ಲಿ ಆದದ್ದನ್ನು ಹೇಳಿದರೆ ತಿಳಿಯುತ್ತದೆ. ಗ್ರಬ್‌ನಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷ ಸಿಕ್ಕಿದೆ ಎಂದು ಜುಲೈ 29ರಂದು ಪ್ರಕಟವಾಯಿತು. ಪ್ರಮುಖ ಲಿನಕ್ಸ್ ಬಳಗಗಳು ಅವಸರದಲ್ಲಿ ತಿದ್ದುಪಡಿ ಕಳಿಸಿದವು. ಒಂದೆರಡು ದಿನದಲ್ಲೇ ಜಗತ್ತಿನ ಎಷ್ಟೋ ಯಂತ್ರಗಳು ಏಳದೆ ಹೋದವು. ಉಬುಂಟು, ಡೆಬಿಯನ್ ಇದ್ದ ಕೆಲವು ಹಳೆಯ ಬಯೋಸ್ ಯಂತ್ರಗಳ ಮೇಲೆ "ಗ್ರಬ್ ಕ್ಯಾಲಾಕ್ ನಾಟ್ ಫೌಂಡ್" ಎಂಬ ಸಾಲು ಮೂಡಿತು. ಕಾರಣ ನೋಡಿ. ಅಪ್‌ಗ್ರೇಡ್ ಆದಾಗ ಬೂಟ್ ಫೋಲ್ಡರಿನಲ್ಲಿದ್ದ ದೊಡ್ಡ ಭಾಗ ಹೊಸದಾಯಿತು. ಡಿಸ್ಕಿನ ತಲೆಯಲ್ಲಿದ್ದ ಚೂರನ್ನೂ ಹೊಸದು ಮಾಡಬೇಕಿತ್ತು. ಆದರೆ ಯಾವ ಡಿಸ್ಕಿನ ತಲೆ ಎಂಬುದು ಆ ಯಂತ್ರಗಳಲ್ಲಿ ತಪ್ಪಾಗಿ ದಾಖಲಾಗಿತ್ತು. ಯಾವಾಗಲೋ ಡಿಸ್ಕ್ ಬದಲಾಯಿಸಿದ್ದಿರಬಹುದು, ಎರಡು ಡಿಸ್ಕಿನಲ್ಲಿ ಇನ್ನೊಂದರ ಹೆಸರು ಬರೆದಿದ್ದಿರಬಹುದು. ಹಳೆಯ ಚೂರು ಹೊಸ ಭಾಗವನ್ನು ಕರೆಯಿತು, ಹೊಸ ಭಾಗ ಹಳೆಯದರಲ್ಲಿ ಇಲ್ಲದ್ದನ್ನು ಕೇಳಿತು. ಅಲ್ಲಿಗೆ ನಿಂತಿತು. ಒಂದು ಕಡತವೂ ಅಳಿಸಿರಲಿಲ್ಲ. ಆದರೂ ಆ ವಾರ ಎಷ್ಟು ಡಿಸ್ಕುಗಳನ್ನು ಜನ ಹೆದರಿ ಅಳಿಸಿ ಹಾಕಿದ್ದಾರೋ ಎಂದು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣ ಇದಕ್ಕಿಂತ ಸಾಮಾನ್ಯ. ಅಪ್‌ಗ್ರೇಡ್ ಅರ್ಧಕ್ಕೆ ಬಂದಿರುವಾಗ ಕರೆಂಟ್ ಹೋಗುವುದು. ಏಪ್ರಿಲ್-ಮೇನಲ್ಲಿ ಸಂಜೆ ಗಾಳಿ ಎದ್ದರೆ ಲೈನ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಆಗಲೇ ಮುದುಕಾಗಿರುತ್ತದೆ. ಆದ್ದರಿಂದ ದೊಡ್ಡ ಅಪ್‌ಗ್ರೇಡನ್ನು ಸಂಜೆ ಹಾಕಿ ಬಾಗಿಲು ಮುಚ್ಚಿ ಹೋಗಬೇಡಿ. ಬೆಳಗಿನ ಹೊತ್ತು, ಎದುರಿಗೆ ಕೂತು ಮಾಡಿ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಕಾಗದ-ಪೆನ್ನು ಹತ್ತಿರವಿದ್ದರೆ ತೆಗೆದುಕೊಳ್ಳಿ.

ಮೊದಲು ಪರದೆಯ ಮೇಲಿರುವುದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ರಿಪೇರಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಆಮೇಲೆ ಯುಎಸ್‌ಬಿ ಕಿಂಡಿಗಳನ್ನು ನೋಡಿ. ಯಾರೋ ಮರೆತ ಪೆನ್‌ಡ್ರೈವ್ ಇದ್ದರೆ ಯಂತ್ರ ಅದರಿಂದ ಏಳಲು ಹೋಗಿ ನಿಂತಿರಬಹುದು. ಕಿತ್ತು ಮತ್ತೆ ಚಾಲೂ ಮಾಡಿ. ಯಂತ್ರ ಹಳೆಯದಾಗಿದ್ದು ಗಡಿಯಾರವೂ ತಪ್ಪು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಮುಗಿದಿದೆ ಎಂದು ತಿಳಿಯಿರಿ. ಸಿಆರ್ 2032 ಅಂತ ಕೇಳಿದರೆ ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಆ ಸೆಲ್ ಸತ್ತರೆ ಯಾವ ಡಿಸ್ಕಿನಿಂದ ಏಳಬೇಕೆಂಬ ಸೆಟ್ಟಿಂಗ್ ಮರೆತುಹೋಗುತ್ತದೆ. ದೋಷ ಬೂಟ್‌ಲೋಡರಿನದಲ್ಲ, ಫಾರ್ಮ್ಯಾಟಿನಿಂದ ಅದು ಸರಿಯಾಗುವುದೂ ಇಲ್ಲ.

ಪರದೆಯ ಮೇಲೆ "ಗ್ರಬ್ ರೆಸ್ಕ್ಯೂ" ಎಂದು ಕಂಡರೆ ಗ್ರಬ್ ಇನ್ನೂ ಬದುಕಿದೆ, ತನ್ನ ಉಳಿದ ಭಾಗ ಎಲ್ಲಿದೆ ಎಂದು ತಿಳಿಯದೆ ನಿಮ್ಮನ್ನು ಕೇಳುತ್ತಿದೆ. ಎಲ್ ಎಸ್ ಎಂಬ ಎರಡು ಅಕ್ಷರ ಒತ್ತಿ ಎಂಟರ್ ಕೊಡಿ. ಡಿಸ್ಕಿನ ಭಾಗಗಳ ಹೆಸರು ಕಂಸದೊಳಗೆ ಸಾಲಾಗಿ ಬರುತ್ತವೆ: ಎಚ್‌ಡಿ ಸೊನ್ನೆ ಎಂಎಸ್‌ಡಾಸ್ ಒಂದು, ಎಚ್‌ಡಿ ಸೊನ್ನೆ ಎಂಎಸ್‌ಡಾಸ್ ಐದು, ಹೀಗೆ. ಒಂದೊಂದರ ಮುಂದೆಯೂ ಎಲ್ ಎಸ್ ಹಾಕಿ, ಕೊನೆಗೊಂದು ಓರೆಗೀಟು ಇಟ್ಟು ಕೇಳಬೇಕು. ಹೋಮ್, ಬೂಟ್, ಇಟಿಸಿ ಎಂಬ ಫೋಲ್ಡರುಗಳ ಹೆಸರು ಯಾವುದರಲ್ಲಿ ಬರುತ್ತದೋ ಅದೇ ನಿಮ್ಮ ಲಿನಕ್ಸ್ ಇರುವ ಭಾಗ. ಸೆಟ್ ಎಂಬ ಆಜ್ಞೆಯಿಂದ ರೂಟ್ ಎಂದರೆ ಈ ಭಾಗ, ಪ್ರಿಫಿಕ್ಸ್ ಎಂದರೆ ಇದರೊಳಗಿನ ಬೂಟ್-ಗ್ರಬ್ ಫೋಲ್ಡರ್ ಎಂದು ಹೇಳಿ, ಇನ್ಸ್‌ಮಾಡ್ ನಾರ್ಮಲ್, ಆಮೇಲೆ ನಾರ್ಮಲ್ ಎಂದು ಕೊಟ್ಟರೆ ಹಳೆಯ ಮೆನು ಕಣ್ಣಮುಂದೆ ಬರುತ್ತದೆ. ಮೊದಲ ಸಲ ಅದು ಬಂದಾಗ ಆಗುವ ಸಂತೋಷವೇ ಬೇರೆ. ಇದು ಆ ಹೊತ್ತಿಗೆ ಮಾತ್ರ. ಒಳಗೆ ಹೋದ ಮೇಲೆ ಗ್ರಬ್ಬನ್ನು ಮತ್ತೆ ಬರೆದು ಕಾಯಂ ಮಾಡಬೇಕು, ಇಲ್ಲದಿದ್ದರೆ ನಾಳೆ ಮತ್ತೆ ಅದೇ ಪಾಡು.

2020ರಂತೆ ಹಳೆಯದು-ಹೊಸದು ಹೊಂದದೆ ನಿಂತಿದ್ದರೆ ಈ ದಾರಿ ನಡೆಯುವುದಿಲ್ಲ. ಆಗ ಬೇಕಾಗುವುದು ಲೈವ್ ಪೆನ್‌ಡ್ರೈವ್. ಉಬುಂಟು ಪೂರ್ತಿಯಾಗಿ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. 24.04 ಆವೃತ್ತಿಗೆ 8 ಜಿಬಿಯ ಪೆನ್‌ಡ್ರೈವ್ ಸಾಕು. ಇಳಿಸಿಕೊಳ್ಳಬೇಕಾದ ಕಡತ ಮಾತ್ರ 6 ಜಿಬಿ ಹತ್ತಿರ ಇದೆ. ಮೊಬೈಲಿನ ದಿನದ ಡೇಟಾಕ್ಕೆ ಎಟುಕದು. ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಬ್ರಾಡ್‌ಬ್ಯಾಂಡ್ ಇರುವವರಿಂದ ಒಮ್ಮೆ ಮಾಡಿಸಿಕೊಂಡು ಬನ್ನಿ.

ಆ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, "ಟ್ರೈ ಉಬುಂಟು" ಎಂದು ಒತ್ತಿ ಒಳಗೆ ಹೋದೊಡನೆ ರಿಪೇರಿಗೆ ಕೈ ಹಾಕಬೇಡಿ. ಫೈಲ್ಸ್ ತೆರೆದು ನಿಮ್ಮ ಡಿಸ್ಕನ್ನು ನೋಡಿ. ಎಲ್ಲ ಕಡತಗಳೂ ಅಲ್ಲೇ ಕಾಣುತ್ತವೆ. ಮುಖ್ಯವಾದವನ್ನು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಇಷ್ಟಾದರೆ ಮುಂದೆ ಏನೇ ಆದರೂ ಊರಿನ ದಾಖಲೆ ಉಳಿಯಿತು.

ಆಮೇಲೆ ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಒತ್ತಿ. ಡಿಸ್ಕುಗಳ ಹೆಸರು, ಗಾತ್ರ ಬರುತ್ತವೆ. ಗಾತ್ರ ನೋಡಿಯೇ ನಿಮ್ಮ ಡಿಸ್ಕ್ ಯಾವುದು, ಪೆನ್‌ಡ್ರೈವ್ ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲಿ ಅವಸರ ಮಾಡಿದರೆ ಬೇರೆ ಡಿಸ್ಕಿಗೆ ಬರೆದುಬಿಡುತ್ತೇವೆ. ಲಿನಕ್ಸ್ ಇರುವ ಭಾಗವನ್ನು ಎಂಎನ್‌ಟಿ ಎಂಬ ಫೋಲ್ಡರಿಗೆ ಮೌಂಟ್ ಮಾಡಬೇಕು. ಯುಇಎಫ್‌ಐ ಯಂತ್ರವಾದರೆ ಬೂಟ್‌ಲೋಡರ್ ಇರುವ ಇಎಫ್‌ಐ ಭಾಗವನ್ನೂ ಅದರೊಳಗೆ ಬೂಟ್-ಇಎಫ್‌ಐ ಜಾಗಕ್ಕೆ ಮೌಂಟ್ ಮಾಡಬೇಕು. ಡೆವ್, ಪ್ರಾಕ್, ಸಿಸ್ ಎಂಬ ಮೂರನ್ನು ಅದಕ್ಕೆ ಜೋಡಿಸಿ, ಸಿಎಚ್‌ರೂಟ್ ಆಜ್ಞೆಯಿಂದ ಒಳಹೊಕ್ಕರೆ ಮಲಗಿದ್ದ ನಿಮ್ಮ ಸಿಸ್ಟಮಿನೊಳಗೇ ನಿಂತಂತಾಯಿತು. ಅಲ್ಲಿ ಗ್ರಬ್-ಇನ್‌ಸ್ಟಾಲ್. ಬಯೋಸ್ ಯಂತ್ರವಾದರೆ ಅದರ ಮುಂದೆ ಎಸ್‌ಡಿಎ ಎಂದು ಇಡೀ ಡಿಸ್ಕಿನ ಹೆಸರು ಕೊಡಬೇಕು, ಎಸ್‌ಡಿಎ 2 ಎಂದು ಭಾಗದ ಹೆಸರಲ್ಲ. "ಇನ್‌ಸ್ಟಾಲೇಶನ್ ಫಿನಿಶ್ಡ್, ನೋ ಎರರ್ ರಿಪೋರ್ಟೆಡ್" ಎಂದು ಬಂದರೆ ಅಪ್‌ಡೇಟ್-ಗ್ರಬ್ ಕೊಟ್ಟು, ಹೊರಬಂದು ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಮತ್ತೆ ಚಾಲೂ ಮಾಡಿ. ಕೈ ಪಳಗಿದವರಿಗೆ ಅರ್ಧ ಗಂಟೆಯ ಕೆಲಸ. ಇಷ್ಟು ಆಜ್ಞೆ ಟೈಪ್ ಮಾಡಲು ಅಂಜುವವರಿಗೆ ಬೂಟ್-ರಿಪೇರ್ ಎಂಬ ಉಚಿತ ತಂತ್ರಾಂಶ ಇದೆ. ಸೂಪರ್ ಗ್ರಬ್2 ಡಿಸ್ಕ್ ಎಂಬ ಇನ್ನೊಂದು ತೀರಾ ಚಿಕ್ಕದು, ಮೊಬೈಲ್ ಡೇಟಾದಲ್ಲೇ ಇಳಿಯುತ್ತದೆ. ಅದು ಡಿಸ್ಕಿನಲ್ಲಿರುವ ಸಿಸ್ಟಮನ್ನು ಹುಡುಕಿ ಎಬ್ಬಿಸುತ್ತದೆ, ಮುಂದಿನದನ್ನು ಒಳಗಿಂದಲೇ ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ. ಸಿಸ್ಟಮನ್ನು ಮೊದಲು ಹಾಕಿದ್ದು ಯುಇಎಫ್‌ಐ ರೀತಿಯಲ್ಲಾದರೆ ಲೈವ್ ಪೆನ್‌ಡ್ರೈವನ್ನೂ ಅದೇ ರೀತಿಯಲ್ಲಿ ಎಬ್ಬಿಸಬೇಕು. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಹೆಸರಿನಲ್ಲಿ ಕಾಣುತ್ತದೆ, ಯುಇಎಫ್‌ಐ ಎಂಬ ಮಾತು ಇರುವುದನ್ನು ಆರಿಸಿ. ರಿಪೇರಿ ಸರಿಯಾಗಿ ಮಾಡಿಯೂ ಯಂತ್ರ ಏಳದಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ವಿಂಡೋಸ್ ಕಡೆಯಿಂದಲೂ ಪೆಟ್ಟು ಬೀಳುವುದುಂಟು. 2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟ್ ಕಳಿಸಿದ ಭದ್ರತಾ ಅಪ್‌ಡೇಟ್ ಹಳೆಯ ಗ್ರಬ್‌ಗಳನ್ನು ಫರ್ಮ್‌ವೇರಿನ ಸೆಕ್ಯೂರ್ ಬೂಟ್ ಎಂಬ ಕಾವಲು ಒಪ್ಪದಂತೆ ಮಾಡಿತು. ವಿಂಡೋಸ್-ಲಿನಕ್ಸ್ ಎರಡೂ ಇರುವ ಯಂತ್ರಗಳಿಗೆ ಇದು ತಗಲುವುದಿಲ್ಲ ಎಂದಿದ್ದರು, ಆದರೆ ಎಷ್ಟೋ ಯಂತ್ರಗಳಿಗೆ ತಗಲಿತು. ಏನೋ ಭಾರೀ ಕೆಟ್ಟುಹೋಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲು ತೋರಿಸಿ ಯಂತ್ರ ಆರಿಹೋಗುತ್ತಿತ್ತು. ಓದಿದವರ ಎದೆ ಧಸಕ್ಕೆನ್ನಬೇಕು, ಹಾಗಿತ್ತು ಆ ಸಾಲು. ಪರಿಹಾರವೋ ಸರಳ. ಫರ್ಮ್‌ವೇರ್ ಸೆಟ್ಟಿಂಗಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸಿಗೆ ಹೋಗಿ, ಮೋಕ್‌ಯುಟಿಲ್ ಎಂಬ ಆಜ್ಞೆಯಿಂದ ಆ ಹೊಸ ನಿಯಮ ಅಳಿಸಿ, ಲಿನಕ್ಸನ್ನು ಅಪ್‌ಡೇಟ್ ಮಾಡಿ, ಸೆಕ್ಯೂರ್ ಬೂಟನ್ನು ಮತ್ತೆ ಹಚ್ಚುವುದು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ವಿಂಡೋಸ್ ಯಂತ್ರದಲ್ಲಿ ಮಾತ್ರ ಈ ಸೆಟ್ಟಿಂಗ್ ಮುಟ್ಟುವ ಮೊದಲು 48 ಅಂಕಿಯ ಕೀಲಿಯನ್ನು ಬರೆದಿಟ್ಟುಕೊಂಡಿರಿ. ಅದಿಲ್ಲದೆ ಒಳಗಿನ ದತ್ತಾಂಶ ಯಾರಿಗೂ ತೆರೆಯುವುದಿಲ್ಲ.

ಅಪ್‌ಗ್ರೇಡ್ ಆದ ಮೇಲೆ ಲಿನಕ್ಸ್ ಏಳುತ್ತದೆ, ಮೆನುವಿನಲ್ಲಿ ವಿಂಡೋಸ್ ಕಾಣುತ್ತಿಲ್ಲ ಎಂಬ ದೂರೂ ಬರುತ್ತದೆ. ವಿಂಡೋಸ್ ಎಲ್ಲಿಗೂ ಹೋಗಿಲ್ಲ. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮುಗಳನ್ನು ತಾನಾಗಿ ಹುಡುಕುವುದನ್ನು ಭದ್ರತೆಗಾಗಿ ನಿಲ್ಲಿಸಿದ್ದಾರೆ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಓಎಸ್ ಪ್ರೋಬರ್ ಎಂಬ ಸಾಲನ್ನು ತಿದ್ದಿ ಅಪ್‌ಡೇಟ್-ಗ್ರಬ್ ಕೊಟ್ಟರೆ ಬರುತ್ತದೆ.

ಇದನ್ನೆಲ್ಲ ಈಗಲೇ ಹೇಳುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿದೆ. ಉಬುಂಟು 20.04ರದು ಅದೇ ವರ್ಷ ಮೇ ತಿಂಗಳಲ್ಲಿ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಯುಇಎಫ್‌ಐ, ಟಿಪಿಎಂ 2.0 ಚಿಪ್ಪು ಬೇಕು. ನಮ್ಮ ಶಾಲೆ, ಪಂಚಾಯಿತಿ, ಮನೆಗಳ ಹಳೆಯ ಯಂತ್ರಗಳಲ್ಲಿ ಅವು ಎಲ್ಲಿಂದ ಬರಬೇಕು? ಆದ್ದರಿಂದ ಬಹಳ ಜನ ಹಳೆಯ ಯಂತ್ರಗಳಿಗೆ ಹೊಸ ಸಿಸ್ಟಮ್ ಹಾಕಿಸುತ್ತಿದ್ದಾರೆ, ವಿಂಡೋಸ್ ಪಕ್ಕದಲ್ಲಿ ಉಬುಂಟು ಇಡಿಸುತ್ತಿದ್ದಾರೆ. ಒಳ್ಳೆಯದೇ. ನಡೆಯುವ ಯಂತ್ರವನ್ನು ಗುಜರಿಗೆ ಹಾಕುವುದು ಬಡ ಊರುಗಳಿಗೆ ತಕ್ಕುದಲ್ಲ. ಆದರೆ ಇಷ್ಟು ಅಪ್‌ಗ್ರೇಡ್ ನಡೆಯುವಾಗ ಬೂಟ್‌ಲೋಡರ್ ತಪ್ಪುವುದೂ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಇದು ಒಂದು ಫೋನಿನ ಕೆಲಸ. ಕೊಂಕಲ್‌ನಂಥ ಊರಿನಿಂದ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಯಾದಗಿರಿಗೆ ಒಯ್ಯಬೇಕು. ಅಲ್ಲಿ ಬಿಟ್ಟು ಬರಬೇಕು, ತರಲು ಮತ್ತೊಂದು ದಿನ. ಒಬ್ಬ ಮೇಷ್ಟ್ರ ಎರಡು ದಿನದ ಪಾಠ, ಒಬ್ಬ ಕೂಲಿಯವನ ಎರಡು ದಿನದ ಪಗಾರ. ಕೊನೆಗೆ ಯಂತ್ರ ಖಾಲಿಯಾಗಿ ಬರುತ್ತದೆ. ಅಂಗಡಿಯ ಹುಡುಗರನ್ನು ನಾನು ದೂರುವುದಿಲ್ಲ. ಮುಂದೆ ಹತ್ತು ಯಂತ್ರ ಇರುವಾಗ ಅಳಿಸಿ ಹೊಸದು ಹಾಕುವುದು ಅವರಿಗೆ ಬೇಗ ಮುಗಿಯುವ ಕೆಲಸ, ನಾವೂ ಅವರಿಗೆ ಬೇರೆ ಹೇಳಿರುವುದಿಲ್ಲ. ಹೇಳಬೇಕಾದವರು ನಾವು.

ಆದ್ದರಿಂದ ಶಾಲೆಯ ಮುಖ್ಯೋಪಾಧ್ಯಾಯರಲ್ಲಿ, ಪಂಚಾಯಿತಿಯವರಲ್ಲಿ, ಸೇವಾ ಕೇಂದ್ರ ನಡೆಸುವ ತಮ್ಮ-ತಂಗಿಯರಲ್ಲಿ ನನ್ನ ವಿನಂತಿ. ಯಂತ್ರ ಸರಿಯಿರುವಾಗಲೇ ಒಂದು ಲೈವ್ ಪೆನ್‌ಡ್ರೈವ್ ಮಾಡಿಸಿ, ಚೀಟಿ ಅಂಟಿಸಿ ಬೀರುವಿನಲ್ಲಿಡಿ. ಎಲ್‌ಎಸ್‌ಬಿಎಲ್‌ಕೆ ಕೊಟ್ಟಾಗ ಬರುವ ಪಟ್ಟಿಯನ್ನು ಕಾಗದದ ಮೇಲೆ ಬರೆದು ಅದರ ಜೊತೆಗಿಡಿ. ಒಂಬತ್ತು-ಹತ್ತನೆಯ ತರಗತಿಯ ಇಬ್ಬರು ಮಕ್ಕಳಿಗೆ, ಅದರಲ್ಲಿ ಒಬ್ಬಳು ಹುಡುಗಿಯಾಗಿರಲಿ, ಹಳೆಯ ಯಂತ್ರವೊಂದರ ಮೇಲೆ ಈ ರಿಪೇರಿಯನ್ನು ಮಾಡಿ ಕಲಿಯಲು ಬಿಡಿ. ಅಂಗಡಿಗೆ ಒಯ್ಯಲೇಬೇಕಾಗಿ ಬಂದರೆ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: "ಬೂಟ್‌ಲೋಡರ್ ಮಾತ್ರ ಸರಿ ಮಾಡಿ, ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ."